ಹದಿನಾರು ಪಿಕ್ಸೆಲ್‌ನ ಹಳೇ ಗುರುತುಗಳು: ಒಂದು ದಾಸ್ತಾನು–ಲೆಕ್ಕಪತ್ರ ಸಾಫ್ಟ್‌ವೇರ್‌ನ ಐಕಾನ್ ಬದಲಾವಣೆ, ಪ್ರಕರಣ ಅಧ್ಯಯನ

ಬಳಕೆದಾರರೊಬ್ಬರ ದೂರಿನಲ್ಲಿ ಐಕಾನ್ ಎಂಬ ಪದವೇ ಇಲ್ಲ. ‘ಹೊಸ ಲ್ಯಾಪ್‌ಟಾಪ್‌ನಲ್ಲಿ ಮೇಲಿನ ಸಾಲು ಮಂಜುಮಂಜು, ಅಕ್ಷರ ಮಾತ್ರ ಸರಿ ಇದೆ’ ಎಂದಷ್ಟೇ ಬರೆದಿದ್ದಾರೆ. ಎರಡನೇ ದೂರು ಬೇರೆ ಕಡೆಯಿಂದ: ಹೊಸದಾಗಿ ಕೆಲಸಕ್ಕೆ ಸೇರಿದವರು ‘ಕ್ಯಾಸೆಟ್ ಚಿತ್ರ ಒತ್ತಿ’ ಎಂದರೆ ಯಾವುದೆಂದು ಕೇಳುತ್ತಾರೆ. ಮೊದಲನೆಯದು ಪಿಕ್ಸೆಲ್‌ಗಳ ಸಮಸ್ಯೆ, ಎರಡನೆಯದು ಅರ್ಥದ ಸಮಸ್ಯೆ. ಎರಡನ್ನೂ ‘ಐಕಾನ್ ಹಳೆಯದಾಗಿದೆ’ ಎಂಬ ಒಂದೇ ಚೀಟಿಯಡಿ ಸೇರಿಸಿ ಚಿತ್ರಕಾರರ ಕೈಗೆ ಕೊಟ್ಟರೆ ಕೆಲಸ ಕೆಡುತ್ತದೆ. ಈ ಪ್ರಕರಣದ ಬಹುಪಾಲು ಶ್ರಮ ಹೋಗುವುದು ಬರೆಯುವುದಕ್ಕಲ್ಲ. ಯಾವ ಚಿತ್ರ ಯಾವ ಕೆಲಸಕ್ಕೆ ಕಟ್ಟಿಕೊಂಡಿದೆ ಎಂದು ಬಿಡಿಸುವುದಕ್ಕೆ.

ಇಲ್ಲಿನ ಪ್ಯಾಕೇಜ್ ಒಂದು ಮಾದರಿ. ಇಂಥ ಸಾಫ್ಟ್‌ವೇರ್‌ಗಳಲ್ಲಿ ಮತ್ತೆ ಮತ್ತೆ ಎದುರಾಗುವುದನ್ನೆಲ್ಲ ಒಂದೇ ಚೌಕಟ್ಟಿನೊಳಗೆ ಕಟ್ಟಿಕೊಟ್ಟಿದೆ. ಐಕಾನ್‌ಗಳ ಎಣಿಕೆಯೂ ಆ ಮಾದರಿಯದೇ. 1990ರ ದಶಕದ ಕೊನೆಯಲ್ಲಿ ವಿಂಡೋಸ್‌ಗಾಗಿ ಸಿ ಪ್ಲಸ್ ಪ್ಲಸ್ ಭಾಷೆ ಮತ್ತು ಎಂಎಫ್‌ಸಿಯಲ್ಲಿ (ಮೈಕ್ರೋಸಾಫ್ಟ್‌ನ ಸಿದ್ಧ ಕೋಡ್ ಸಂಗ್ರಹ) ಬರೆದದ್ದು. ಖರೀದಿ, ಮಾರಾಟ, ಗೋದಾಮು, ಲೆಡ್ಜರ್, ತಿಂಗಳ ಮುಕ್ತಾಯ ಎಲ್ಲ ಇದೆ. ದಿನವಿಡೀ ವೋಚರ್ ಹೊಡೆಯುವವರು ಇದರ ಮುಖ್ಯ ಬಳಕೆದಾರರು. ಅವರು ಐಕಾನ್‌ಗಳನ್ನು ನೋಡುವುದೇ ಕಡಿಮೆ. ಎಡದಿಂದ ನಾಲ್ಕನೆಯದು, ಹಸಿರು, ಚೌಕ, ಅಷ್ಟೇ ಅವರ ಕಣ್ಣಿಗೆ ಬೇಕಾದ ಗುರುತು. ಜಾಗ, ಹೊರರೇಖೆ, ಮುಖ್ಯ ಬಣ್ಣ: ಈ ಮೂರರಲ್ಲಿ ಒಂದು ಬದಲಾದರೆ ಕೈ ಒಂದು ಕ್ಷಣ ತಡೆಯುತ್ತದೆ, ಅಷ್ಟರಲ್ಲಿ ಹೊಂದಿಕೊಳ್ಳುತ್ತದೆ. ಎರಡು ಒಟ್ಟಿಗೆ ಬದಲಾದರೆ ಹುಡುಕಾಟ ಶುರು. ಮೂರೂ ಬದಲಾದರೆ ಬಳಕೆದಾರರ ಮಟ್ಟಿಗೆ ಹಳೇ ಬಟನ್ ಕಾಣೆಯಾಗಿ ಅಪರಿಚಿತ ಬಟನ್ ಬಂದಂತೆ. ಮುಂದಿನ ಎಲ್ಲ ತೀರ್ಮಾನಗಳನ್ನೂ ಈ ಅಳತೆಗೋಲಿನಲ್ಲೇ ತೂಗಲಾಗಿದೆ.

ಮಂಜು ಎಲ್ಲಿಂದ ಬಂತು

ಎಂಎಫ್‌ಸಿಯ ಹಳೇ ಟೂಲ್‌ಬಾರ್‌ನಲ್ಲಿ (ಮೇಲಿನ ಬಟನ್ ಸಾಲು) ಚಿತ್ರದ ರೂಢಿಯ ಅಳತೆ 16×15 ಪಿಕ್ಸೆಲ್, ಬಟನ್‌ನದು 24×22. ಎಲ್ಲ ಚಿತ್ರಗಳೂ ಒಂದೇ ಉದ್ದನೆಯ ಬಿಟ್‌ಮ್ಯಾಪ್ (ಪಿಕ್ಸೆಲ್‌ಗಳಿಂದಾದ ಚಿತ್ರ) ಪಟ್ಟಿಯಲ್ಲಿ ಸಾಲಾಗಿ ಇರುತ್ತವೆ. ನಮ್ಮ ಮುಖ್ಯ ಪಟ್ಟಿಯಲ್ಲಿ 38 ಚಿತ್ರಗಳು, ಅಂದರೆ 608×15. ಇದು 96 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ) ಕಾಲಕ್ಕೆ ಸರಿ. 150 ಶೇಕಡ ಹಿಗ್ಗಿಸಿದ ಪರದೆಗೆ (144 ಡಿಪಿಐ) 16 ಪಿಕ್ಸೆಲ್ 24 ಆಗಬೇಕು, 15 ಪಿಕ್ಸೆಲ್ 22.5 ಆಗಬೇಕು. ಅರ್ಧ ಪಿಕ್ಸೆಲ್ ಎಂಬುದು ಇಲ್ಲ. ಹಿಂದೆ ಯಾರೋ ತುರ್ತಿಗೆ ಇಡೀ ಪಟ್ಟಿಯನ್ನು ಎಳೆದು ಹಿಗ್ಗಿಸುವ ಕೋಡ್ ಹಾಕಿದ್ದಾರೆ. ಪ್ರೋಗ್ರಾಮ್ ತನ್ನನ್ನು ಡಿಪಿಐ ಅರಿತದ್ದು ಎಂದು ಮ್ಯಾನಿಫೆಸ್ಟ್‌ನಲ್ಲಿ (ತನ್ನ ಬಗ್ಗೆ ವಿಂಡೋಸ್‌ಗೆ ತಿಳಿಸುವ ಟಿಪ್ಪಣಿ) ಹೇಳಿಕೊಂಡಿರುವುದರಿಂದ ಅಕ್ಷರಗಳನ್ನು ವಿಂಡೋಸ್ ಹೊಸ ಅಳತೆಯಲ್ಲೇ ಬರೆಯುತ್ತದೆ. ಹಿಗ್ಗಿದ ಬಿಟ್‌ಮ್ಯಾಪ್ ಮಾತ್ರ ಮಂಜಾಗುತ್ತದೆ. ದೂರಿನಲ್ಲಿದ್ದ ‘ಅಕ್ಷರ ಮಾತ್ರ ಸರಿ’ ಎಂಬ ಮಾತಿಗೆ ಇದೇ ಕಾರಣ. ಇಡೀ ಕಿಟಕಿ, ಅಕ್ಷರವೂ ಸೇರಿ, ಮಸುಕಾಗಿದ್ದರೆ ರೋಗ ಬೇರೆ: ಪ್ರೋಗ್ರಾಮ್ ಡಿಪಿಐ ಅರಿತಿಲ್ಲ, ವಿಂಡೋಸ್ ಪೂರ್ತಿ ಚಿತ್ರವನ್ನೇ ಹಿಗ್ಗಿಸುತ್ತಿದೆ. ಆಗ ಎಷ್ಟು ಚೆಂದದ ಐಕಾನ್ ಬರೆದರೂ ಮಂಜು ಹೋಗದು. ಮೊದಲು ಮ್ಯಾನಿಫೆಸ್ಟ್ ಸರಿಪಡಿಸಬೇಕು.

ಬಣ್ಣದ ಕಥೆ ಇನ್ನೊಂದು. ಹಳೇ ಪಟ್ಟಿ 16 ಬಣ್ಣಗಳದ್ದು. ಹಿನ್ನೆಲೆಯ 192,192,192 ಬೂದು ಬಣ್ಣವನ್ನು ಲೋಡ್ ಮಾಡುವಾಗ ಬಟನ್ ಮೈಬಣ್ಣಕ್ಕೆ, 128 ಬೂದನ್ನು ನೆರಳಿನ ಬಣ್ಣಕ್ಕೆ, ಕಪ್ಪನ್ನು ಬಟನ್ ಅಕ್ಷರದ ಬಣ್ಣಕ್ಕೆ, ಬಿಳಿಯನ್ನು ಹೊಳಪಿನ ಬಣ್ಣಕ್ಕೆ ಬದಲಿಸುವ ರೂಢಿ ಇತ್ತು. ಚಿತ್ರದೊಳಗಿನ ಬೂದು, ಬಿಳಿಗಳೂ ಜೊತೆಗೇ ಬದಲಾಗುತ್ತಿದ್ದವು. ಹಳೇ ಪ್ರಿಂಟರ್ ಚಿತ್ರದ ಹಾಳೆ ಕೆಲವು ಬಣ್ಣವಿನ್ಯಾಸಗಳಲ್ಲಿ ವಿಚಿತ್ರವಾಗಿ ಕಾಣುತ್ತಿದ್ದುದು ಇದರಿಂದ. ಈ ದಾರಿ ಬಣ್ಣಪಟ್ಟಿ ಇರುವ 16 ಬಣ್ಣದ ಬಿಟ್‌ಮ್ಯಾಪ್‌ಗೆ ಮಾತ್ರ ಸರಿಹೊಂದುತ್ತದೆ. ಬಣ್ಣದ ಜೊತೆ ಪಾರದರ್ಶಕತೆಯೂ ಇರುವ ಹೊಸ 32 ಬಿಟ್ ಚಿತ್ರವನ್ನು ಅದೇ ದಾರಿಯಲ್ಲಿ ನುಗ್ಗಿಸಬಾರದು.

ಎಣಿಕೆ

ಮೊದಲ ಕೆಲಸ ಇರುವ ಚಿತ್ರಗಳನ್ನೆಲ್ಲ ಒಂದೆಡೆ ತರುವುದು. ರಿಸೋರ್ಸ್ ಫೈಲ್ (ಪ್ರೋಗ್ರಾಮ್‌ನ ಚಿತ್ರ, ಮೆನುಗಳ ಕಡತ) ತೆರೆದರೆ ಎಲ್ಲ ಸಿಗುತ್ತದೆ ಎಂದುಕೊಳ್ಳುವುದು ಸಹಜ, ಆದರೆ ಸಿಗುವುದಿಲ್ಲ. ಟೂಲ್‌ಬಾರ್ ಪಟ್ಟಿಗಳು, ಬಿಡಿ ಐಸಿಓ ಫೈಲ್‌ಗಳು, ಇನ್‌ಸ್ಟಾಲ್ ಫೋಲ್ಡರ್‌ನಲ್ಲಿ ಬಿದ್ದಿರುವ ಬಿಎಂಪಿಗಳು, ವರದಿಯ ಟೆಂಪ್ಲೇಟ್‌ಗಳಿಗೆ ಅಂಟಿಸಿದ ಚಿತ್ರಗಳು, ಸಹಾಯ ಕಡತದೊಳಗಿನವು, ಹೊರಗಿನಿಂದ ಕೊಂಡ ಗ್ರಿಡ್ ಕಂಟ್ರೋಲ್‌ನ (ಕೋಷ್ಟಕ ತೋರಿಸುವ ಸಿದ್ಧ ಭಾಗ) ಡಿಎಲ್‌ಎಲ್ ಎಂಬ ಕೋಡ್ ಕಡತದಲ್ಲಿ ಇರುವವು. ಇವಲ್ಲದೆ, ಚಿತ್ರವೇ ಅಲ್ಲದೆ ವಿಂಗ್‌ಡಿಂಗ್ಸ್ ಅಥವಾ ಮಾರ್ಲೆಟ್ ಫಾಂಟ್‌ನ ಅಕ್ಷರವಾಗಿ ಬರೆದ ಬಾಣ, ಟಿಕ್ ಗುರುತುಗಳು. ಎಲ್ಲಕ್ಕಿಂತ ತಾಪತ್ರಯದ ಜಾಗ ಡೇಟಾಬೇಸ್: ಮೆನು ರಚನೆ ಒಂದು ಟೇಬಲ್‌ನಲ್ಲಿದೆ, ಅದರಲ್ಲಿ ‘ಚಿತ್ರ ಸಂಖ್ಯೆ’ ಎಂಬ ಕಾಲಂ ಇದೆ, ಅದು ಪಟ್ಟಿಯ ಎಷ್ಟನೇ ಚಿತ್ರ ಎಂದು ಹೇಳುತ್ತದೆ. ಗ್ರಾಹಕರು ತಾವೇ ಬರೆಸಿಕೊಂಡ ಆಡ್-ಆನ್‌ಗಳೂ (ಹೆಚ್ಚುವರಿ ಪ್ರೋಗ್ರಾಮ್‌ಗಳು) ಇದೇ ಸಂಖ್ಯೆಗಳನ್ನು ಬಳಸುತ್ತವೆ.

ಒಟ್ಟು 614 ಚಿತ್ರಗಳು. ಕೋಡ್‌ನಲ್ಲಿ ಐಡಿ (ಚಿತ್ರದ ಗುರುತು) ಹೆಸರು ಹುಡುಕಿದಾಗ 171 ಎಲ್ಲೂ ಬಳಕೆಯಾಗದಂತೆ ಕಂಡವು. ಅಲ್ಲೇ ಅಳಿಸಿದ್ದರೆ ಅನಾಹುತ. ಕೋಡ್‌ನಲ್ಲಿ ‘ಮೂಲ ಸಂಖ್ಯೆ + ವೋಚರ್ ಬಗೆ’ ಎಂದು ಕೂಡಿಸಿ ಐಡಿ ಪಡೆಯುವ ಕಡೆಗಳಿವೆ. ಅಲ್ಲಿ ಹೆಸರು ಎಲ್ಲೂ ಬರುವುದಿಲ್ಲ. ಇದಕ್ಕೆ ಖಚಿತ ಉಪಾಯವೆಂದರೆ ಚಿತ್ರ ಲೋಡ್ ಮಾಡುವ ಎಲ್ಲ ಕರೆಗಳನ್ನೂ ಒಂದೇ ಫಂಕ್ಷನ್ ಮೂಲಕ ಹಾಯಿಸಿ, ಅಲ್ಲಿ ಐಡಿ ಮತ್ತು ಪರದೆಯ ಹೆಸರನ್ನು ಲಾಗ್‌ಗೆ (ದಾಖಲೆ ಕಡತ) ಬರೆಸುವುದು. ಒಂದು ವಾರದ ಲಾಗ್ ಸಾಲದು. ತಿಂಗಳ ಮುಕ್ತಾಯದ ಪರದೆ ತಿಂಗಳಿಗೊಮ್ಮೆ ತೆರೆಯುತ್ತದೆ, ವರ್ಷಾಂತ್ಯದ್ದು ವರ್ಷಕ್ಕೊಮ್ಮೆ. ಪರೀಕ್ಷಾ ಡೇಟಾಬೇಸ್‌ನಲ್ಲಿ ದಿನಾಂಕ ಮುಂದೂಡಿ ಆ ಪರದೆಗಳನ್ನು ಬೇಕೆಂದೇ ತೆರೆದು ನೋಡಬೇಕು. ಹಾಗೆ ಮಾಡಿದಾಗ 171ರಲ್ಲಿ 29 ಬಳಕೆಯಲ್ಲಿವೆ ಎಂದು ತಿಳಿಯಿತು. ನಿಜಕ್ಕೂ ಸತ್ತವು 142, ಬದುಕಿರುವವು 472.

ಪ್ರತಿ ಚಿತ್ರಕ್ಕೂ ಹಾಳೆಯಲ್ಲಿ ಒಂದು ಸಾಲು: ಚಿತ್ರ, ಐಡಿ, ಅಳತೆ, ಬಣ್ಣದ ಬಿಟ್, ಯಾವ ಪರದೆ, ಯಾವ ಕಮಾಂಡ್, ಟೂಲ್‌ಟಿಪ್ (ಮೌಸ್ ಇಟ್ಟಾಗ ಮೂಡುವ ಪದ), ಕೀಬೋರ್ಡ್‌ನ ಕೀಲಿ. ಕೊನೆಯ ಕಾಲಂ ಒಂದು ಕ್ರಿಯಾಪದ: ಇದನ್ನು ಒತ್ತಿದರೆ ಸಾಫ್ಟ್‌ವೇರ್ ಏನು ಮಾಡುತ್ತದೆ? ‘ಫ್ಲಾಪಿ’ ಎಂದು ಬರೆಯಬಾರದು, ‘ಉಳಿಸು’ ಎಂದು ಬರೆಯಬೇಕು. ಮುಂದೆ ಹೊಸ ಫೈಲ್‌ಗಳ ಹೆಸರೂ ಹೀಗೆಯೇ ಇರಬೇಕು. ಚಿತ್ರದ ಹೆಸರಿಟ್ಟರೆ ಚಿತ್ರ ಬದಲಾದ ದಿನ ಹೆಸರು ಸುಳ್ಳಾಗುತ್ತದೆ.

ಆ ಕ್ರಿಯಾಪದದ ಕಾಲಂ ಪ್ರಕಾರ ವಿಂಗಡಿಸಿದಾಗ 472 ಚಿತ್ರಗಳು 186 ಅರ್ಥಗಳಿಗೆ ಇಳಿದವು. ಮುದ್ರಿಸುವುದಕ್ಕೆ ಒಂಬತ್ತು ಬೇರೆ ಬೇರೆ ಪ್ರಿಂಟರ್ ಚಿತ್ರಗಳಿದ್ದವು. ಇದು ಅಂದಗೇಡಿ, ಅಪಾಯವಲ್ಲ. ಅಪಾಯ ಇರುವುದು ಇದರ ತಿರುವುಮುರುವಿನಲ್ಲಿ: ಒಂದೇ ಹಸಿರು ಟಿಕ್ ಚಿತ್ರ ವೋಚರ್ ಪರದೆಯಲ್ಲಿ ಉಳಿಸುತ್ತದೆ, ಅನುಮೋದನೆ ಪರದೆಯಲ್ಲಿ ಅನುಮೋದಿಸುತ್ತದೆ, ಬ್ಯಾಂಕ್ ಪರದೆಯಲ್ಲಿ ತಾಳೆ ಹಾಕುತ್ತದೆ, ಪಟ್ಟಿಯಲ್ಲಿ ಎಲ್ಲವನ್ನೂ ಆರಿಸುತ್ತದೆ, ಸಂವಾದ ಪೆಟ್ಟಿಗೆಯಲ್ಲಿ ಮುಚ್ಚುತ್ತದೆ. ಉಳಿಸುವುದನ್ನು ತಿದ್ದಬಹುದು. ಅನುಮೋದಿಸಿದ್ದು ಖಾತೆಗೆ ಏರುತ್ತದೆ. ಐದನ್ನೂ ಬಿಡಿಸುವ ಹಂಬಲ ಬೇಡ. ಬಿಡಿಸಲೇಬೇಕಾದವು ಅನುಮೋದನೆ ಮತ್ತು ತಾಳೆ, ಈ ಎರಡು.

ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬೇಕು

186 ಅರ್ಥಗಳಲ್ಲಿ 131ಕ್ಕೆ ಹಳೇ ರೂಪವನ್ನೇ ಉಳಿಸಿ ಶುಚಿಯಾಗಿ ಮತ್ತೆ ಬರೆಯುವುದೆಂದು, 24ಕ್ಕೆ ಹೊಸ ರೂಪ ಕೊಡುವುದೆಂದು, 31ಕ್ಕೆ ಚಿತ್ರವನ್ನೇ ತೆಗೆದು ಪದ ಹಾಕುವುದೆಂದು ತೀರ್ಮಾನವಾಯಿತು. ಮೂರನೇ ಗುಂಪಿನ ಬಗ್ಗೆ ಚಿತ್ರಕಾರರಿಗೆ ಸಾಮಾನ್ಯವಾಗಿ ಬೇಸರ. ಆದರೆ ‘ಮುಂದಿನ ವರ್ಷಕ್ಕೆ ಶಿಲ್ಕು ಸಾಗಿಸು’ ಎಂಬುದನ್ನು 16 ಪಿಕ್ಸೆಲ್‌ನಲ್ಲಿ ಹೇಳುವ ಚಿತ್ರ ಇಲ್ಲ. ಹಳೇ ಚಿತ್ರದಲ್ಲಿ ಒಂದು ಪುಸ್ತಕ, ಒಂದು ಬಾಣ, ಒಂದು ಕ್ಯಾಲೆಂಡರ್ ಮೂರೂ ತುರುಕಿದ್ದರು. ವರ್ಷಕ್ಕೊಮ್ಮೆ ಒತ್ತುವ ಬಟನ್‌ಗೆ ಗುರುತು ಅಭ್ಯಾಸವಾಗುವುದೇ ಇಲ್ಲ. ಅಂಥ ಕಡೆ ನಾಲ್ಕು ಪದ ಚಿತ್ರಕ್ಕಿಂತ ಮೇಲು.

ಫ್ಲಾಪಿಯ ಚರ್ಚೆ ಬಂದೇ ಬರುತ್ತದೆ, ಅದಕ್ಕೆ ಸಭೆಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಬಾರದು. 3.5 ಇಂಚಿನ, 1.44 ಎಂಬಿ ಫ್ಲಾಪಿಯ ಮಾರಾಟವನ್ನು ಸೋನಿ 2011ರ ಮಾರ್ಚ್‌ನಲ್ಲಿ ಜಪಾನ್‌ನಲ್ಲೂ ನಿಲ್ಲಿಸಿತು. ವಸ್ತು ಹೋಯಿತು, ಗುರುತು ಉಳಿಯಿತು. ಮೂಲೆ ಕತ್ತರಿಸಿದ ಚೌಕ ಎಂದರೆ ಉಳಿಸು ಎಂದು ಫ್ಲಾಪಿ ಮುಟ್ಟದವರೂ ಕಲಿತಿದ್ದಾರೆ. ಬದಲಿಯಾಗಿ ಸೂಚಿಸುವ ಕೆಳಬಾಣ ಡೌನ್‌ಲೋಡ್ ಅಥವಾ ರಫ್ತು ಎನಿಸುತ್ತದೆ, ಮೋಡ ಎಲ್ಲೋ ಹೊರಗೆ ಕಳಿಸುವಂತೆ ಕಾಣುತ್ತದೆ, ಟಿಕ್ ಹಾಕಿದರೆ ಆಗಲೇ ಹೇಳಿದ ಅನುಮೋದನೆಯ ಗೊಂದಲ. ಫ್ಲಾಪಿ ಇರಲಿ, ಲೇಬಲ್‌ನ ಗೆರೆಗಳು, ಲೋಹದ ಮುಚ್ಚಳದ ಮೂರು ಛಾಯೆಗಳು ಹೋಗಲಿ.

ಬ್ಯಾಕಪ್‌ಗೆ ಬಳಸಿದ ಟೇಪ್ ಕ್ಯಾಸೆಟ್‌ನ ವಿಷಯ ಹಾಗಲ್ಲ. ಅದು ಬೇರೆ ಎಲ್ಲೂ ಗುರುತಾಗಿ ಉಳಿದಿಲ್ಲ, ಹೊಸಬರಿಗೆ ಹಾಡಿನ ನೆನಪು ತರುತ್ತದೆ. ಡಿಸ್ಕ್ ಸಿಲಿಂಡರ್ ಮತ್ತು ಪ್ರತಿ ಹಾಳೆ ಸೇರಿದ ರೂಪಕ್ಕೆ ಬದಲು. ಶಾಖೆಗೆ ಡೇಟಾ ಕಳಿಸುವ ಮೋಡೆಮ್–ಮಿಂಚಿನ ಚಿತ್ರಕ್ಕೆ ಎರಡು ಪೆಟ್ಟಿಗೆ, ಎದುರುಬದುರು ಬಾಣ. ಪಾರ್ಟಿಗಳ ಪಟ್ಟಿಗೆ ಇದ್ದ ತಿರುಗುವ ವಿಳಾಸ ಕಾರ್ಡ್‌ಗೆ ವ್ಯಕ್ತಿಯ ತಲೆ ಮತ್ತು ಹಾಳೆ.

ಇಲ್ಲಿ ಒಂದು ಹಳ್ಳವಿದೆ, ಬಹಳ ಮಂದಿ ಬೀಳುತ್ತಾರೆ. ‘ಹುಡುಕು’ ಎಂಬುದಕ್ಕೆ ಹಳೇ ಚಿತ್ರ ದುರ್ಬೀನು. ಈಗ ಎಲ್ಲರಿಗೂ ಪರಿಚಿತವಾದ ಭೂತಗನ್ನಡಿ ಹಾಕೋಣ ಎನ್ನುವುದು ಸರಿ. ಆದರೆ ಇದೇ ಸಾಫ್ಟ್‌ವೇರ್‌ನ ವರದಿ ಪರದೆಯಲ್ಲಿ ಭೂತಗನ್ನಡಿ ಎಂದರೆ ದೊಡ್ಡದು ಮಾಡು. ಹುಡುಕಲು ಭೂತಗನ್ನಡಿ ಕೊಟ್ಟರೆ, ದೊಡ್ಡದು ಮಾಡಲು ಬರೇ ಭೂತಗನ್ನಡಿ ಉಳಿಯಬಾರದು. ಒಳಗೆ ಕೂಡು–ಕಳೆ ಚಿಹ್ನೆ ಇರುವ ಜೋಡಿ ಆಗಬೇಕು, ಮತ್ತು ಇದು ಹಿಂದಿನ ಬಿಡುಗಡೆಯಲ್ಲೇ ಆಗಿರಬೇಕು. ನಿಯಮ ಇಷ್ಟು: ಒಂದು ಅರ್ಥದಿಂದ ಬಿಡಿಸಿಕೊಂಡ ರೂಪವನ್ನು ಅದೇ ಬಿಡುಗಡೆಯಲ್ಲಿ ಇನ್ನೊಂದು ಅರ್ಥಕ್ಕೆ ಕೊಡಬಾರದು. ಅಪರಿಚಿತ ಚಿತ್ರ ಕಂಡರೆ ಜನ ನಿಲ್ಲುತ್ತಾರೆ, ಟೂಲ್‌ಟಿಪ್ ನೋಡುತ್ತಾರೆ. ಪರಿಚಿತ ಚಿತ್ರ ಕಂಡರೆ ನಿಲ್ಲದೆ ಒತ್ತುತ್ತಾರೆ.

ಬರೆಯುವ ಹಂತ

ಸಿದ್ಧ ಐಕಾನ್ ಸಂಗ್ರಹಗಳಿಂದ ಒಂದಿಷ್ಟು ಕೆಲಸ ಸಾಗುತ್ತದೆ. ಫ್ಲೂಯೆಂಟ್ ಸಿಸ್ಟಮ್ ಐಕಾನ್‌ಗಳು ಎಂಐಟಿ ಪರವಾನಗಿಯಲ್ಲಿ, ಮೆಟೀರಿಯಲ್ ಐಕಾನ್‌ಗಳು ಅಪಾಚೆ 2.0ರಲ್ಲಿ ಸಿಗುತ್ತವೆ, ಟ್ಯಾಂಗೋ ಸಂಗ್ರಹ ಸಾರ್ವಜನಿಕ ಸ್ವತ್ತು. ಮುದ್ರಿಸು, ಕತ್ತರಿಸು, ಹುಡುಕು ಇವೆಲ್ಲ ಅಲ್ಲಿವೆ. ವೋಚರ್ ತಿರುಗಿಸುವುದು, ಸರಕಿನ ಬ್ಯಾಚ್ ಒಡೆಯುವುದು ಇಲ್ಲ. ಇಲ್ಲದ್ದನ್ನು ನಾವೇ ಬರೆಯಬೇಕಾದ್ದರಿಂದ ಒಂದೇ ಸಂಗ್ರಹದ ಗೆರೆಯ ದಪ್ಪ, ಮೂಲೆಯ ದುಂಡನ್ನು ಅಳೆದು ಅದಕ್ಕೆ ಹೊಂದಿಸಿ ಬರೆಯುವುದು ಲೇಸು. ಎರಡು ಸಂಗ್ರಹ ಬೆರೆಸಿದರೆ ಪಕ್ಕಪಕ್ಕದ ಬಟನ್‌ಗಳಲ್ಲೇ ಎದ್ದು ಕಾಣುತ್ತದೆ. ಹಳೇ ಚಿತ್ರಗಳಲ್ಲಿ ಕೆಲವು ವಿಂಡೋಸ್‌ನ ಡಿಎಲ್‌ಎಲ್‌ಗಳಿಂದಲೇ ಎತ್ತಿಕೊಂಡವು ಇರುತ್ತವೆ. ಹಕ್ಕಿನ ದೃಷ್ಟಿಯಿಂದ ಅವನ್ನು ಮೊದಲು ತೆಗೆಯಬೇಕು.

ವೆಕ್ಟರ್‌ನಲ್ಲಿ (ಪಿಕ್ಸೆಲ್ ಬದಲು ರೇಖೆಗಳ ಲೆಕ್ಕದಲ್ಲಿ) ಒಮ್ಮೆ ಬರೆದರೆ ಎಲ್ಲ ಅಳತೆಗೂ ಆಗುತ್ತದೆ ಎಂಬ ನಂಬಿಕೆ ಸಣ್ಣ ಅಳತೆಗಳಲ್ಲಿ ಮುರಿಯುತ್ತದೆ. 16ರ ಚೌಕದಲ್ಲಿ 1 ಪಿಕ್ಸೆಲ್ ದಪ್ಪದ ಗೆರೆ 32ರಲ್ಲಿ ಸರಿಯಾಗಿ 2 ಆಗುತ್ತದೆ, ಚೂಪಾಗಿ ಕೂರುತ್ತದೆ. 24ರಲ್ಲಿ ಅದು 1.5, 20ರಲ್ಲಿ 1.25. ಉಳಿದ ಕಾಲುಭಾಗ, ಅರ್ಧಭಾಗ ಪಕ್ಕದ ಪಿಕ್ಸೆಲ್‌ಗೆ ತೆಳು ಬೂದಾಗಿ ಸೋರುತ್ತದೆ. ಯಾವ ಮಂಜು ಕಳೆಯಲು ಹೊರಟೆವೋ ಅದೇ ಮಂಜು ಹಿತ್ತಿಲ ಬಾಗಿಲಿನಿಂದ ಮತ್ತೆ ಬಂತು. ಹಾಗಾಗಿ 16, 20, 24 ಮೂರನ್ನೂ ಬೇರೆ ಬೇರೆಯಾಗಿ ಗ್ರಿಡ್‌ಗೆ ಕೂರಿಸಿ, 32 ಮಾತ್ರ 16ರಿಂದ ದ್ವಿಗುಣ. ಮೊದಲ ಎರಡು ಗುಂಪಿನ 155 ರೂಪಗಳಿಗೆ ನಾಲ್ಕು ಅಳತೆ, ಒಟ್ಟು 620 ಪಿಎನ್‌ಜಿ ಚಿತ್ರಗಳು. 175 ಶೇಕಡಕ್ಕೆ 28 ಬೇಕು. ಅದಕ್ಕೆ ಪ್ರತ್ಯೇಕ ಚಿತ್ರ ಬರೆಯದೆ 24ರದನ್ನೇ ಸುತ್ತ 2 ಪಿಕ್ಸೆಲ್ ಖಾಲಿ ಬಿಟ್ಟು ನಡುವೆ ಕೂರಿಸಿದರೆ ಸ್ವಲ್ಪ ಸಣ್ಣದಾಗಿ ಕಂಡರೂ ಚೂಪಾಗಿರುತ್ತದೆ. ಹಿಗ್ಗಿಸಿದ್ದಕ್ಕಿಂತ ಇದು ಎಷ್ಟೋ ವಾಸಿ.

16ರ ಚೌಕದಲ್ಲಿ ಸುತ್ತ ಒಂದೊಂದು ಪಿಕ್ಸೆಲ್ ಬಿಟ್ಟು 14×14ರೊಳಗೆ ರೂಪ. ಮೇಲೆ ಒಂದಕ್ಕಿಂತ ಹೆಚ್ಚು ಪೂರಕ ಚಿಹ್ನೆ ಬೇಡ: ಕೂಡು ಗುರುತು, ಬೀಗ, ಬಾಣ ಯಾವುದಾದರೂ ಒಂದು, ಯಾವಾಗಲೂ ಬಲ ಕೆಳಮೂಲೆಯಲ್ಲಿ, 7×7. ಪೂರಕ ಚಿಹ್ನೆಯ ಸುತ್ತ 1 ಪಿಕ್ಸೆಲ್ ಪಾರದರ್ಶಕ ಓಣಿ ಕೊರೆಯಬೇಕು, ಇಲ್ಲದಿದ್ದರೆ ಹಿಂದಿನ ಹಾಳೆಯ ಗೆರೆಯೊಂದಿಗೆ ಅಂಟಿಕೊಂಡು ಏನೆಂದು ತಿಳಿಯುವುದಿಲ್ಲ.

ಬಣ್ಣ ತೆಗೆದುಹಾಕುವುದೇ ಆಧುನಿಕತೆ ಎಂಬ ಕಲ್ಪನೆಗೆ ಸಾರ್ವಜನಿಕವಾದ ಪಾಠ ಒಂದಿದೆ. ಮೈಕ್ರೋಸಾಫ್ಟ್‌ನ ಕೋಡ್ ಬರೆಯುವ ಸಾಫ್ಟ್‌ವೇರ್ ಆದ ವಿಷುಯಲ್ ಸ್ಟುಡಿಯೋದ 2012ರ ಬೀಟಾದಲ್ಲಿ (ಪ್ರಾಯೋಗಿಕ ಆವೃತ್ತಿ) ಐಕಾನ್‌ಗಳನ್ನು ಬಹುಪಾಲು ಏಕವರ್ಣ ಮಾಡಿದರು. ಬಳಕೆದಾರರ ವಿರೋಧ ಎಷ್ಟಿತ್ತೆಂದರೆ ಅಂತಿಮ ಬಿಡುಗಡೆಗೆ ಮುನ್ನ ಒಂದಿಷ್ಟು ಬಣ್ಣ ಮರಳಿ ಬಂತು. ನಮ್ಮ ಪ್ಯಾಕೇಜ್‌ನಲ್ಲಿ ಹೊರರೇಖೆ 64,64,64 ಗಾಢ ಬೂದು, ಒಳಗೆ ಒಂದೇ ಒತ್ತು ಬಣ್ಣ, ಮತ್ತು ಅದು ಹಳೇ ಚಿತ್ರದ ಮುಖ್ಯ ಬಣ್ಣವೇ. ಫೋನಿನಲ್ಲಿ ‘ಹಸಿರು ಬಾಣ ಒತ್ತಿ’ ಎಂದು ವರ್ಷಗಟ್ಟಲೆ ಹೇಳಿದ ಸಹಾಯವಾಣಿಯವರ ಮಾತು ನಾಳೆಯೂ ನಿಜವಾಗಿರಬೇಕು.

ಎದ್ದು ಕಾಣುವಿಕೆಗೆ ಅಳತೆ ಇದೆ. ವೆಬ್ ಎಲ್ಲರಿಗೂ ಬಳಸಲು ಬರಬೇಕೆಂಬ 2018ರ ಡಬ್ಲ್ಯೂಸಿಎಜಿ 2.1 ಮಾರ್ಗಸೂಚಿಯ 1.4.11ನೇ ಅಂಶ, ಅರ್ಥ ತಿಳಿಯಲು ಬೇಕಾದ ಚಿತ್ರಭಾಗಗಳಿಗೆ ಪಕ್ಕದ ಬಣ್ಣದೊಂದಿಗೆ ಕನಿಷ್ಠ 3:1 ವ್ಯತ್ಯಾಸ ಕೇಳುತ್ತದೆ. ಬಿಳಿಯ ಮೇಲೆ ಅಚ್ಚ ಹಳದಿ 1.07:1 ಮಾತ್ರ, ಹಳದಿ ಫೋಲ್ಡರ್‌ಗೆ ಗಾಢ ಹೊರರೇಖೆ ಇಲ್ಲದಿದ್ದರೆ ಅದು ಇಲ್ಲದಂತೆಯೇ. 192ರ ಬೂದು 1.8:1ರ ಆಸುಪಾಸು, ಸೋಲುತ್ತದೆ. 148ರ ಬೂದು 3:1ಕ್ಕೆ ಕೂದಲೆಳೆಯಷ್ಟು ಮೇಲೆ. 64ರದು 10:1 ದಾಟುತ್ತದೆ. ಇನ್ನು ಪಾವತಿಯಾದ ಬಿಲ್‌ಗೆ ಹಸಿರು ಚುಕ್ಕೆ, ಬಾಕಿಗೆ ಕೆಂಪು ಚುಕ್ಕೆ ಎಂಬ ಹಳೇ ಪದ್ಧತಿ ಕೆಂಪು–ಹಸಿರು ಬೇರ್ಪಡಿಸಲಾಗದ ಕಣ್ಣುಗಳಿಗೆ ಒಂದೇ ಚುಕ್ಕೆ. ಬಣ್ಣ ಇರಲಿ, ಆಕಾರವೂ ಬೇರೆಯಾಗಲಿ: ಒಂದು ಟಿಕ್ ಇರುವ ವೃತ್ತ, ಇನ್ನೊಂದು ತ್ರಿಕೋನ.

ಕೋಡ್‌ಗೆ ಸೇರಿಸುವಾಗ

ಪಟ್ಟಿಯ ಕಾಲ ಮುಗಿಯಬೇಕು. ಪಟ್ಟಿಯ ನಡುವೆ ಒಂದು ಚಿತ್ರ ಸೇರಿಸಿದರೆ ಅದರಾಚೆಯ ಎಲ್ಲ ಸಂಖ್ಯೆಗಳೂ ಒಂದೊಂದು ಸರಿಯುತ್ತವೆ. ‘ಅಳಿಸು’ ಬಟನ್ ಮೇಲೆ ‘ಪ್ರತಿ ಮಾಡು’ ಚಿತ್ರ ಬಂದು ಕೂರುತ್ತದೆ. ಕಮಾಂಡ್ ಹೆಸರಿನಿಂದ ಚಿತ್ರದ ಹೆಸರಿಗೆ ನಕ್ಷೆ ಮಾಡಿ, ಅದರ ಕೆಳಗೆ ಹಳೇ ಸಂಖ್ಯೆಗಳಿಗೆ ಇನ್ನೊಂದು ನಕ್ಷೆ ಇಡಬೇಕು: 0ರಿಂದ 37ರವರೆಗೆ ಯಾವ ಹಳೇ ಸಂಖ್ಯೆ ಯಾವ ಹೆಸರು. ಡೇಟಾಬೇಸ್‌ನ ಮೆನು ಟೇಬಲ್, ಆಡ್-ಆನ್‌ಗಳು ಈ ಎರಡನೇ ನಕ್ಷೆಯ ಮೂಲಕ ಬರುತ್ತವೆ. ಸಂಖ್ಯೆಗಳನ್ನು ಮತ್ತೆ ಜೋಡಿಸುವ, ಖಾಲಿ ತುಂಬುವ ಆಸೆ ಎಂದಿಗೂ ಬೇಡ. ಬಳಕೆದಾರರು ತಾವೇ ಮರುಜೋಡಿಸಿದ ಟೂಲ್‌ಬಾರ್ ವಿಂಡೋಸ್‌ನ ಸೆಟ್ಟಿಂಗ್ ಸಂಗ್ರಹವಾದ ರಿಜಿಸ್ಟ್ರಿಯಲ್ಲಿ ಉಳಿದಿರುತ್ತದೆ; ಅದರಲ್ಲೂ ಚಿತ್ರದ ಕ್ರಮಸಂಖ್ಯೆ ಇದ್ದರೆ ಮೊದಲ ಬಾರಿ ತೆರೆದಾಗ ಇದೇ ನಕ್ಷೆಯಿಂದ ಹೆಸರಿಗೆ ಪರಿವರ್ತಿಸಿ ಹೊಸ ಕೀಲಿಯಲ್ಲಿ ಬರೆಯಬೇಕು. ಹಳೇ ಕೀಲಿಯನ್ನು ಅಳಿಸಬಾರದು, ಹಿಂದಿನ ಆವೃತ್ತಿಗೆ ಮರಳುವವರು ಇರುತ್ತಾರೆ.

15ರ ಎತ್ತರ 16 ಆದದ್ದು ಒಂದೇ ಪಿಕ್ಸೆಲ್. ಟೂಲ್‌ಬಾರ್ ಒಂದು ಪಿಕ್ಸೆಲ್ ಬೆಳೆದರೆ, ಪಿಕ್ಸೆಲ್ ಲೆಕ್ಕದಲ್ಲಿ ಕಟ್ಟಿದ ಹಳೇ ಪರದೆಗಳಲ್ಲಿ ಕೊನೆಯ ಸಾಲಿನ ಕೆಳಗೆರೆ ಕತ್ತರಿಸಿಹೋಗುತ್ತದೆ. ಎಂಎಫ್‌ಸಿಯ ಟೂಲ್‌ಬಾರ್‌ಗೆ ಬಟನ್, ಚಿತ್ರಕ್ಕಿಂತ ಅಗಲದಲ್ಲಿ 7, ಎತ್ತರದಲ್ಲಿ 6 ಪಿಕ್ಸೆಲ್ ಹೆಚ್ಚಿದ್ದರೆ ಸಾಕು. 16×16 ಚಿತ್ರಕ್ಕೆ 23×22 ಆಯಿತು, ಹಳೇ 24×22ರೊಳಗೆ ಕೂರುತ್ತದೆ. ಅಳತೆಯನ್ನು ಕೋಡ್‌ನಲ್ಲಿ ಸ್ಪಷ್ಟವಾಗಿ 24×22 ಎಂದೇ ಕೊಟ್ಟರೆ ಪರದೆ ಅಲುಗುವುದಿಲ್ಲ.

ಪಾರದರ್ಶಕತೆಯ ತೊಂದರೆಗಳು ಅಂಚಿನಲ್ಲಿ ಕಾಣುತ್ತವೆ. ಅಂಚಿನ ಪಿಕ್ಸೆಲ್‌ಗಳ ಬಣ್ಣವನ್ನು ಅವುಗಳ ಆಲ್ಫಾದಿಂದ (ಪಾರದರ್ಶಕತೆ ಹೇಳುವ ಸಂಖ್ಯೆ) ಮೊದಲೇ ಗುಣಿಸಿರಬೇಕು ಎಂದು ವಿಂಡೋಸ್‌ನ ಆಲ್ಫಾಬ್ಲೆಂಡ್ ಕರೆಯೂ ಮೆನು ಚಿತ್ರಗಳೂ ನಿರೀಕ್ಷಿಸುತ್ತವೆ. ಪಿಎನ್‌ಜಿಯಲ್ಲಿ ಇರುವುದು ಗುಣಿಸದ ಬಣ್ಣ. ಹಾಗೇ ಕೊಟ್ಟರೆ ಐಕಾನ್ ಸುತ್ತ ಬೆಳ್ಳಗಿನ ಹೊಳೆವ ಅಂಚು. ಎರಡು ಬಾರಿ ಗುಣಿಸಿದರೆ ಕಪ್ಪು ಮಸಿಯ ಅಂಚು. ಯಾವ ಕಡೆ ತಪ್ಪಿದೆ ಎಂದು ಅಂಚಿನ ಬಣ್ಣವೇ ಹೇಳುತ್ತದೆ. ಇಮೇಜ್ ಲಿಸ್ಟ್ (ಒಂದೇ ಅಳತೆಯ ಚಿತ್ರಗಳ ಸಂಗ್ರಹ) ಬಳಸುವ ಕಡೆ ವಿಂಡೋಸ್‌ನ ಟೂಲ್‌ಬಾರ್‌ನಂಥ ಸಿದ್ಧ ಭಾಗಗಳ ಸಂಗ್ರಹವಾದ ಕಾಮನ್ ಕಂಟ್ರೋಲ್ಸ್ ಆವೃತ್ತಿ 6 ಬೇಕೆಂದು ಮ್ಯಾನಿಫೆಸ್ಟ್‌ನಲ್ಲಿ ಹೇಳಿ, ಲಿಸ್ಟ್ ಅನ್ನು 32 ಬಿಟ್‌ನದಾಗಿ ಸೃಷ್ಟಿಸಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ನಯವಾದ ಅಂಚು ಸಿಗದು.

ಕೆಲಸ ಮಾಡದ ಬಟನ್‌ನ ಮಂಕು ರೂಪವನ್ನು ಹಳೇ ಟೂಲ್‌ಬಾರ್ ಚಿತ್ರದಿಂದ ತಾನೇ ಉಬ್ಬುಚಿತ್ರದಂತೆ ತೆಗೆಯುತ್ತಿತ್ತು. 16 ಬಣ್ಣದ ಗೆರೆಚಿತ್ರಕ್ಕೆ ಅದು ಚೆನ್ನ. ಬಣ್ಣ ತುಂಬಿದ ಹೊಸ ಚಿತ್ರಕ್ಕೆ ಅದೇ ತಂತ್ರ ಹಾಕಿದರೆ ಬೂದು ಮುದ್ದೆ. ಮಂಕು ಚಿತ್ರಗಳ ಲಿಸ್ಟ್ ಪ್ರತ್ಯೇಕವಾಗಿ ತಯಾರಿಸಿ ಟೂಲ್‌ಬಾರ್‌ಗೆ ಕೊಡಬೇಕು: ಬಣ್ಣ ಇಳಿಸಿ, ಆಲ್ಫಾ ಸುಮಾರು 40 ಶೇಕಡಕ್ಕೆ ತಂದರೆ ಸಾಕು. ಇದನ್ನು ಕೈಯಿಂದ ಬರೆಯುವ ಅಗತ್ಯವಿಲ್ಲ, ಬಿಲ್ಡ್ (ಪ್ರೋಗ್ರಾಮ್ ಕಟ್ಟುವ) ಹಂತದಲ್ಲೇ ಸ್ಕ್ರಿಪ್ಟ್ ಮಾಡಲಿ.

ಲ್ಯಾಪ್‌ಟಾಪ್ ಅನ್ನು ಹೊರಗಿನ ಮಾನಿಟರ್‌ಗೆ ಜೋಡಿಸಿದಾಗ, ತೆಗೆದಾಗ ಡಿಪಿಐ ಬದಲಾಗುತ್ತದೆ. ಪ್ರತಿ ಮಾನಿಟರ್‌ನ ಡಿಪಿಐ ಅರಿತ ಪ್ರೋಗ್ರಾಮ್‌ಗೆ ವಿಂಡೋಸ್ ಸಂದೇಶ ಕಳಿಸುತ್ತದೆ, ಆಗ ಹೊಸ ಅಳತೆಯ ಚಿತ್ರಗಳನ್ನು ಕಟ್ಟಬೇಕು. ಹಳೆಯದನ್ನು ಅಳಿಸಲು ಮರೆತರೆ? ಒಂದು ಪ್ರೋಗ್ರಾಮ್‌ಗೆ ವಿಂಡೋಸ್ ಸಾಮಾನ್ಯವಾಗಿ ಕೊಡುವ ಜಿಡಿಐ ಹ್ಯಾಂಡಲ್‌ಗಳ (ಬಿಟ್‌ಮ್ಯಾಪ್‌ನಂಥ ಚಿತ್ರವಸ್ತುಗಳ ಗುರುತು) ಮಿತಿ 10,000. ಪ್ರತಿ ಕಿಟಕಿಯೂ 155 ಬಿಟ್‌ಮ್ಯಾಪ್‌ಗಳ ತನ್ನದೇ ಪ್ರತಿ ಇಟ್ಟುಕೊಂಡಿದ್ದರೆ ಹತ್ತು ಕಿಟಕಿಗೆ 1,550. ಅಳಿಸದೆ ಏಳನೇ ಸಲ ಕಟ್ಟುವಾಗ ಮಿತಿ ದಾಟುತ್ತದೆ, ಪರದೆಯ ಭಾಗಗಳು ಕಪ್ಪಾಗಿ, ಬಟನ್‌ಗಳು ಮಾಯವಾಗುತ್ತವೆ. ದೂರು ಬರುವುದು ಮಾತ್ರ ‘ಸಂಜೆ ಹೊತ್ತಿಗೆ ಸಾಫ್ಟ್‌ವೇರ್ ಕೈಕೊಡುತ್ತದೆ’ ಎಂದು. ಐಕಾನ್ ಮೇಲೆ ಯಾರಿಗೂ ಅನುಮಾನ ಹೋಗುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಡಿಐ ಆಬ್ಜೆಕ್ಟ್ಸ್ ಕಾಲಂ ತೆರೆದಿಟ್ಟು ಹತ್ತು ಬಾರಿ ಡಿಪಿಐ ಬದಲಿಸಿ ನೋಡಿದರೆ ಐದೇ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಪರಿಹಾರ, ಒಂದು ಡಿಪಿಐಗೆ ಇಡೀ ಪ್ರೋಗ್ರಾಮ್‌ನಲ್ಲಿ ಒಂದೇ ಪ್ರತಿ, ಎಲ್ಲ ಕಿಟಕಿಗಳೂ ಅದನ್ನೇ ಹಂಚಿಕೊಳ್ಳುವುದು.

ಪ್ರೋಗ್ರಾಮ್‌ನ ಮುಖ್ಯ ಐಕಾನ್‌ಗೆ 16, 24, 32, 48, 256 ಅಳತೆಗಳು ಸಾಕು. 256ರದನ್ನು ಪಿಎನ್‌ಜಿಯಾಗಿ ಒಳಗಿಡುವ ಸೌಲಭ್ಯ ವಿಸ್ಟಾದಿಂದ ಇದೆ. ಆದರೆ ಈ ವಯಸ್ಸಿನ ಪ್ರಾಜೆಕ್ಟ್‌ಗಳನ್ನು ಇನ್ನೂ ಹಳೇ ರಿಸೋರ್ಸ್ ಕಂಪೈಲರ್‌ನಲ್ಲೇ ಕಟ್ಟುತ್ತಿದ್ದರೆ ಅದು ಪಿಎನ್‌ಜಿ ಕಂಡು ‘ಆರ್‌ಸಿ2176: ಹಳೇ ಡಿಐಬಿ’ (ಹಳೇ ಬಿಟ್‌ಮ್ಯಾಪ್ ಎಂದರ್ಥ) ಎಂಬ ದೋಷ ಕೊಟ್ಟು ನಿಲ್ಲುತ್ತದೆ. ಚಿತ್ರ ಹೊಸದು, ಹಳತು ಕಂಪೈಲರ್. ಸಂದೇಶ ಹೇಳುವುದು ಮಾತ್ರ ತದ್ವಿರುದ್ಧ. ಬಿಡುಗಡೆಯ ನಂತರವೂ ಡೆಸ್ಕ್‌ಟಾಪ್‌ನಲ್ಲಿ ಹಳೇ ಐಕಾನ್ ಕಂಡರೆ ಅದು ವಿಂಡೋಸ್‌ನ ಐಕಾನ್ ಕ್ಯಾಶ್ (ಮೊದಲೇ ಕೂಡಿಟ್ಟ ಪ್ರತಿ). ಇನ್‌ಸ್ಟಾಲರ್ ಕೊನೆಯಲ್ಲಿ ಶೆಲ್‌ಗೆ (ಡೆಸ್ಕ್‌ಟಾಪ್ ತೋರಿಸುವ ವಿಂಡೋಸ್ ಭಾಗ) ಬದಲಾವಣೆಯ ಸೂಚನೆ ಕಳಿಸಿದರೆ ಬಹುತೇಕ ಸರಿಹೋಗುತ್ತದೆ.

ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುವ ಶಾಖೆಗಳಲ್ಲಿ ಬಣ್ಣವನ್ನು 16 ಬಿಟ್‌ಗೆ ಇಳಿಸಿಟ್ಟಿರಬಹುದು. ಆಗ ಕೆಂಪು, ನೀಲಿಗೆ ತಲಾ 5 ಬಿಟ್. 255ಕ್ಕೂ 250ಕ್ಕೂ ವ್ಯತ್ಯಾಸ ಉಳಿಯದು. ಅಷ್ಟು ತೆಳುವಾದ ಛಾಯೆಯ ಮೇಲೆ ಅರ್ಥ ನಿಲ್ಲಿಸಬಾರದು. ವಿಂಡೋಸ್‌ನ ಹೈ ಕಾಂಟ್ರಾಸ್ಟ್ (ಬಣ್ಣಗಳು ಎದ್ದು ಕಾಣುವಂತೆ ಮಾಡುವ) ಸ್ಥಿತಿಯಲ್ಲಿ ಕಪ್ಪು ಹಿನ್ನೆಲೆ ಮೇಲೆ 64ರ ಬೂದು ಹೊರರೇಖೆ ಕರಗಿಹೋಗುತ್ತದೆ. ಅಲ್ಲಿ ಚಿತ್ರದ ಆಲ್ಫಾವನ್ನು ಮಾತ್ರ ಅಚ್ಚಿನಂತೆ ಬಳಸಿ, ಸಿಸ್ಟಮ್‌ನ ಅಕ್ಷರದ ಬಣ್ಣವನ್ನೇ ತುಂಬಬೇಕು.

ಪರೀಕ್ಷೆ, ಬಿಡುಗಡೆ

ಹೊಸಬರಿಗೂ ಹಳಬರಿಗೂ ಒಂದೇ ಪರೀಕ್ಷೆ ಸಲ್ಲದು. ಹೊಸಬರಿಗೆ ಟೂಲ್‌ಟಿಪ್ ಇಲ್ಲದೆ ಚಿತ್ರ ತೋರಿಸಿ ‘ಇದನ್ನು ಒತ್ತಿದರೆ ಏನಾಗುತ್ತದೆ?’ ಎಂದು ಕೇಳಬೇಕು. ‘ಇದು ಏನು?’ ಎಂದು ಕೇಳಬಾರದು, ‘ಫ್ಲಾಪಿ’ ಎಂಬ ಉತ್ತರದಿಂದ ಏನೂ ತಿಳಿಯದು. ಉತ್ತರ ಗೊತ್ತಿಲ್ಲ ಎಂದರೆ ಚಿಂತೆಯಿಲ್ಲ, ತಪ್ಪು ಉತ್ತರಗಳನ್ನು ನೋಡಬೇಕು. ಹತ್ತು ಹನ್ನೆರಡು ಜನರಲ್ಲಿ ಇಬ್ಬರು ‘ವೋಚರ್ ತಿರುಗಿಸು’ ಚಿತ್ರವನ್ನು ‘ಹಿಂದಿನ ಹೆಜ್ಜೆ ರದ್ದು’ ಎಂದರೆ ಆ ಚಿತ್ರ ಸೋತಂತೆ: ರದ್ದು ಎಂಬುದು ಪರದೆಯ ಮೇಲಿನ ಅಕ್ಷರ ಅಳಿಸುತ್ತದೆ, ತಿರುಗಿಸು ಎಂಬುದು ಖಾತೆಯಲ್ಲಿ ಎದುರು ನಮೂದು ಹಾಕುತ್ತದೆ. ಹಳಬರಿಗೆ ಅರ್ಥ ಕೇಳುವುದು ವ್ಯರ್ಥ. ಅವರಿಗೆ ರೂಢಿಯ ಒಂದು ಕೆಲಸ ಕೊಟ್ಟು, ಹಳೇ ಮತ್ತು ಹೊಸ ಪರದೆಯಲ್ಲಿ ಕೈ ಎಲ್ಲಿ ತಡೆಯುತ್ತದೆ ಎಂದು ಗಮನಿಸಬೇಕು. ಜನರನ್ನು ಕರೆಯುವ ಮುಂಚೆಯೇ ಅಗ್ಗದ ಪರೀಕ್ಷೆ ಒಂದಿದೆ: ಟೂಲ್‌ಬಾರ್‌ನ ಚಿತ್ರ ತೆಗೆದು 3 ಪಿಕ್ಸೆಲ್ ಮಸುಕು ಹಾಕಿ. ಆಗಲೂ ಪಕ್ಕಪಕ್ಕದವು ಬೇರೆ ಬೇರೆ ಎನಿಸಬೇಕು.

ನಮ್ಮ ಪ್ಯಾಕೇಜ್‌ನಲ್ಲಿ ಆ ಮಸುಕಿನಲ್ಲಿ ಸೋತದ್ದು ‘ಹೊಸ ವೋಚರ್’. ಹಳೆಯದು ಬೂದು ಬಟನ್ ಮೇಲೆ ಅಚ್ಚ ಬಿಳಿ ಹಾಳೆ, ಇಡೀ ಸಾಲಿನಲ್ಲಿ ಅದೊಂದೇ ಬೆಳ್ಳಗೆ. ಹೊಸದು ಬಿಳಿ ಬಟನ್ ಮೇಲೆ ತೆಳು ಗೆರೆಯ ಹಾಳೆ, ಪಕ್ಕದ ನಾಲ್ಕು ಹಾಳೆಗಳಲ್ಲಿ ಇನ್ನೊಂದು. ದಿನಕ್ಕೆ ನೂರಾರು ಬಾರಿ ಒತ್ತುವ ಬಟನ್ ಹೀಗೆ ಕರಗಬಾರದು. ಹಾಳೆಗೆ ತಿಳಿನೀಲಿ ತುಂಬಿ ಮೂಲೆಯಲ್ಲಿ ಹಸಿರು ಕೂಡು ಗುರುತು ಕೊಟ್ಟಾಗ ಎದ್ದು ನಿಂತಿತು. ಬ್ಯಾಂಕ್ ತಾಳೆಗೆ ಬರೆದ ಎರಡು ಸಾಲು–ಟಿಕ್ ಚಿತ್ರ ಎರಡು ಸಲ ತಿದ್ದಿದರೂ ‘ಪಟ್ಟಿ’ ಎಂದೇ ಓದಿಸಿಕೊಂಡಿತು. ಕೊನೆಗೆ ಅದು ಪದಗಳ ಗುಂಪಿಗೆ ಸೇರಿತು, ಆ ಗುಂಪು 32ಕ್ಕೇರಿತು.

ಬಿಡುಗಡೆಯಲ್ಲಿ ಚಿತ್ರ ಮಾತ್ರ ಬದಲಾಗಬೇಕು; ಅದೇ ಆವೃತ್ತಿಯಲ್ಲಿ ಬಟನ್‌ಗಳ ಜಾಗ ಅದಲುಬದಲು ಮಾಡಬಾರದು. ತಿಂಗಳ ಕೊನೆಯ ವಾರ, ವರ್ಷಾಂತ್ಯದ ಆಸುಪಾಸು ಬೇಡ. ಹಳೇ–ಹೊಸ ಚಿತ್ರಗಳನ್ನು ಎದುರುಬದುರು ತೋರಿಸುವ ಒಂದು ಹಾಳೆ ಸಹಾಯವಾಣಿಯವರ ಮೇಜಿಗೆ ಮೊದಲೇ ಹೋಗಬೇಕು, ಮುದ್ರಿಸಿದ್ದು. ಹಳೇ ಚಿತ್ರಗಳಿಗೆ ಮರಳುವ ಆಯ್ಕೆಯನ್ನು ಎರಡು ಬಿಡುಗಡೆಗಳ ಮಟ್ಟಿಗೆ ಇಡಬಹುದು, ಕೊನೆಯ ದಿನಾಂಕವನ್ನು ಆ ಆಯ್ಕೆಯ ಪಕ್ಕದಲ್ಲೇ ಬರೆದು. ದಿನಾಂಕವಿಲ್ಲದ ಆಯ್ಕೆ ಎಂದೆಂದಿಗೂ ಉಳಿದು, ಪ್ರತಿ ಪರದೆಯನ್ನೂ ಎರಡೆರಡು ಬಾರಿ ಪರೀಕ್ಷಿಸುವಂತೆ ಮಾಡುತ್ತದೆ. ಸಹಾಯ ಕಡತದ ಪರದೆಚಿತ್ರಗಳನ್ನು ಒಟ್ಟಿಗೆ ಬದಲಿಸಲಾಗದಿದ್ದರೆ ಅತಿ ಹೆಚ್ಚು ತೆರೆಯುವ ಪುಟಗಳಿಂದ ಶುರು ಮಾಡಲಿ.

ಪಟ್ಟಿಯ 23ನೇ ಸಂಖ್ಯೆ ಹಾಗೇ ಉಳಿದಿದೆ. ಅಲ್ಲಿದ್ದುದು ಫ್ಯಾಕ್ಸ್ ಯಂತ್ರ. ಸಾಫ್ಟ್‌ವೇರ್ ಫ್ಯಾಕ್ಸ್ ಕಳಿಸುವುದನ್ನು ಬಿಟ್ಟಿದೆ, ಮೆನುವಿನಲ್ಲೂ ಅದಿಲ್ಲ. ಆದರೆ ಲಾಗ್‌ನಲ್ಲಿ ಆ ಸಂಖ್ಯೆಯ ಕರೆ ಬರುತ್ತಲೇ ಇದೆ: ಗ್ರಾಹಕರೊಬ್ಬರ ಆಡ್-ಆನ್ ಆ ಚಿತ್ರವನ್ನು ಚೆಕ್ ಮುದ್ರಣದ ಬಟನ್‌ಗೆ ಹಾಕಿಕೊಂಡಿದೆ, ಹಾಳೆ ಹೊರಬರುವ ಯಂತ್ರದಂತೆ ಕಂಡದ್ದಕ್ಕೆ ಇರಬೇಕು. ಅದನ್ನು ಲಕೋಟೆಯಾಗಿಸಿದರೆ ಅವರ ಚೆಕ್ ಬಟನ್ ಅಂಚೆ ಬಟನ್ ಆಗಿಬಿಡುತ್ತದೆ. ಹಾಗಾಗಿ ಆ 16×15ರ ಚಿತ್ರದ ಕೆಳಗೆ ಒಂದು ಖಾಲಿ ಸಾಲು ಸೇರಿಸಿ, ಬೂದು ಹಿನ್ನೆಲೆ ತೆಗೆದು, 16 ಬಣ್ಣಗಳನ್ನು ಇದ್ದಂತೆಯೇ ಬಿಟ್ಟು, ಹೆಸರಿನ ಕಾಲಂನಲ್ಲಿ ‘ಹಳೇ-23’ ಎಂದು ಬರೆದಿದೆ.